ಸಹಾಯ ಬೇಕು: ಕೆಲಸಗಾರರಿಗೆ ಕನ್ನಡದಲ್ಲಿ ಕರಾರು ಪತ್ರ

ಎಲ್ಲರಿಗೂ ಸಲಾಂ. ಮಂಗಳೂರಿನಲ್ಲಿ ನನ್ನದೊಂದು ಮರಗೆಲಸದ ಕಾರ್ಖಾನೆ ಇದೆ, 11 ಮಂದಿ ದುಡಿಯುತ್ತಾರೆ. ಯಾರಿಗೂ ನೇಮಕಾತಿ ಪತ್ರ ಕೊಟ್ಟಿಲ್ಲ, ಎಲ್ಲವೂ ಬಾಯಿಮಾತು. ಕಳೆದ ತಿಂಗಳು ಸಂಬಳ 9 ದಿನ ತಡವಾಯಿತು. ಪಾಲಿಶ್ ಮಾಡುವ ಹಿರಿಯರು ಸ್ಯಾಂಡ್‌ಪೇಪರ್ ಹಿಡಿದುಕೊಂಡೇ ಬಂದು, "ಮುಂದಿನ ತಿಂಗಳೂ ನನಗೆ ಕೆಲಸ ಇರುತ್ತದಲ್ಲ ಸಾಹೇಬರೇ?" ಎಂದು ಕೇಳಿದರು. ಆ ವಾರ ಅವರು ಉಜ್ಜಿದ ಮೇಜಿನ ಮೇಲೆ ಗೀರುಗಳು ಉಳಿದಿದ್ದವು. ಅವರ ಕೈಯನ್ನು ನಾನು ದೂರಲಾರೆ, ತಪ್ಪು ನನ್ನದು.

ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಪ್ರವಾದಿವಚನವನ್ನು ಬಾಲ್ಯದಿಂದ ಕೇಳಿದ್ದೇನೆ. ಕುರ್‌ಆನ್‌ನ 28ನೇ ಅಧ್ಯಾಯದಲ್ಲಿ ಪ್ರವಾದಿ ಮೂಸಾರನ್ನು ಕೆಲಸಕ್ಕಿಟ್ಟುಕೊಂಡ ಹಿರಿಯರು 8 ವರ್ಷದ ಅವಧಿಯನ್ನು ಮೊದಲೇ ಹೇಳುತ್ತಾರೆ, ನಿನ್ನನ್ನು ಕಷ್ಟಕ್ಕೆ ದೂಡುವುದಿಲ್ಲ ಎಂದು ಮಾತನ್ನೂ ಕೊಡುತ್ತಾರೆ. ನನ್ನವರಿಗೆ ನಾನು ಅಷ್ಟನ್ನೂ ಹೇಳಿರಲಿಲ್ಲ.

ಅವಧಿ, ಸಂಬಳದ ದಿನ, ರಜೆ, ಕೆಲಸದಿಂದ ತೆಗೆಯುವ ಮುನ್ನ ಕೊಡಬೇಕಾದ ನೋಟಿಸ್, ಇವೆಲ್ಲ ಇರುವ ಸರಳ ಕನ್ನಡದ ಕರಾರು ಮಾದರಿ ಯಾರ ಬಳಿಯಾದರೂ ಇದೆಯೇ? ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿ ಮಾಡಿಸಿದವರು ದಾರಿ ತೋರಿಸಿ. ಇನ್ನೊಂದು: ತಡವಾದ ಸಂಬಳದ ಜೊತೆ ಸ್ವಲ್ಪ ಹೆಚ್ಚು ಕೊಡಬೇಕೆಂದಿದ್ದೇನೆ. ಅದು ನಮ್ಮ ಧರ್ಮದಲ್ಲಿ ನಿಷಿದ್ಧವಾದ ಬಡ್ಡಿಯಾಗುತ್ತದೆಯೇ, ಉಡುಗೊರೆ ಎಂದು ಕೊಡಬಹುದೇ? ಬಲ್ಲ ಉಸ್ತಾದರು ದಯವಿಟ್ಟು ತಿಳಿಸಿ, 1ನೇ ತಾರೀಖಿನೊಳಗೆ ಪತ್ರಗಳನ್ನು ಅವರ ಕೈಗಿಡಬೇಕು.