ಲೈಕೆನ್‌ನಲ್ಲಿ ಕೋಬಾಲ್ಟ್ ಮಾತ್ರ ಏರಿದೆ: ಬ್ಲಾಂಕ್ ಸರಿ ಇದೆ, ನನ್ನ ತಲೆ ಕೆಟ್ಟಿದೆ

ಒಣಬಂಡೆ: ಮೂರು ವಾರದಿಂದ ಇದೇ ಗೋಳು. ಗಣಿಯ ಮಾಲಿನ್ಯ ನೋಡಲು ಲೈಕೆನ್‌ನಲ್ಲಿರುವ (ಶಿಲೀಂಧ್ರ, ಪಾಚಿ ಕೂಡಿ ಬೆಳೆಯುವ ಕಲ್ಲುಹೂವು) ಲೋಹ ಅಳೆಯುತ್ತಿದ್ದೇನೆ; ಮರುಭೂಮಿಯ ಬಂಡೆಗಳ ಮೇಲಿನ ಝಾಂಥೋಪಾರ್ಮೀಲಿಯ ಅನ್ನೋ ಜಾತಿ. ಒಂದು ಜಾಗ ಕಬ್ಬಿಣದ ಗಣಿ ರಸ್ತೆಯ ಪಕ್ಕ, ಇನ್ನೊಂದು 12 ಕಿ.ಮೀ. ಆಚೆ. ಆಚೆಯದರಲ್ಲಿ ಕೋಬಾಲ್ಟ್ ಗ್ರಾಂಗೆ 0.8 ಮೈಕ್ರೋಗ್ರಾಂ, ರಸ್ತೆ ಪಕ್ಕದ್ದರಲ್ಲಿ 6. ಅಲ್ಯೂಮಿನಿಯಂ ಎರಡರಲ್ಲೂ 4,000ದ ಆಸುಪಾಸು. ಬ್ಲಾಂಕ್ (ಸ್ಯಾಂಪಲ್ ಹಾಕದ ಖಾಲಿ ಪರೀಕ್ಷೆ) ಸ್ವಚ್ಛ, ಐಎಇಎ-336 (ಮೌಲ್ಯ ಮೊದಲೇ ಗೊತ್ತಿರುವ ಪ್ರಮಾಣಿತ ಲೈಕೆನ್) ಕೂಡ ಸರಿಯಾಗಿ ಬಂತು. ಐಸಿಪಿ-ಎಂಎಸ್ (ಧಾತುಗಳನ್ನು ದ್ರವ್ಯರಾಶಿಯಿಂದ ಗುರುತಿಸಿ ಅಳೆಯುವ ಯಂತ್ರ) ಕೈಕೊಟ್ಟಿದೆಯಾ?

ದೂಳಯ್ಯ: ದೂಳು. ಲೈಕೆನ್‌ಗೆ ಬೇರಿಲ್ಲ, ಮೇಣದ ಹೊದಿಕೆಯೂ ಇಲ್ಲ, ಗಾಳಿಯಲ್ಲಿ ಬಂದದ್ದೆಲ್ಲ ಒಳಗೆ. ತೊಳೆದಿರಾ?

ಒಣಬಂಡೆ: ಇಲ್ಲ, ಬ್ರಷ್ ಮಾಡಿದೆ ಅಷ್ಟೆ.

ದೂಳಯ್ಯ: ಮತ್ತೇನು ಕೇಳ್ತೀರಿ? ಡಿಅಯೊನೈಸ್ಡ್ ನೀರಲ್ಲಿ ಮೂರು ಸಲ ತೊಳೆಯಿರಿ.

ಪಾಚಿಪ್ರಿಯೆ: ದಯವಿಟ್ಟು ಬೇಡ. ಒಣಗಿದ ಲೈಕೆನ್ ಮೇಲೆ ದಿಢೀರ್ ನೀರು ಬಿದ್ದರೆ ಜೀವಕೋಶದ ಪೊರೆ ಸೋರುತ್ತದೆ, ಪೊಟ್ಯಾಸಿಯಂ ಹೊರಟುಹೋಗುತ್ತದೆ. ದೂಳು ತೆಗೆಯಲು ಹೋಗಿ ಸ್ಯಾಂಪಲ್ಲನ್ನೇ ಬದಲಾಯಿಸಿದಂತೆ.

ದೂಳಯ್ಯ: ಪೊಟ್ಯಾಸಿಯಂ ಯಾರು ಕೇಳಿದರು ಮೇಡಂ? ಅವರ ಪ್ರಶ್ನೆ ಕೋಬಾಲ್ಟ್.

ಪಾಚಿಪ್ರಿಯೆ: ಒಂದು ಧಾತುವಿಗಾಗಿ ಉಳಿದವನ್ನು ಹಾಳು ಮಾಡೋದು ಯಾವ ನ್ಯಾಯ?

ಆಸಿಡ್‌ರಾಯ: ಇಬ್ಬರೂ ಸ್ವಲ್ಪ ನಿಲ್ಲಿ, ಲೆಕ್ಕ ಹಾಕೋಣ. ಭೂಮಿಯ ಮೇಲ್ತೊಗಟೆಯಲ್ಲಿ ಕೋಬಾಲ್ಟ್ ಸುಮಾರು 17 ಪಿಪಿಎಂ (ಗ್ರಾಂಗೆ 17 ಮೈಕ್ರೋಗ್ರಾಂ), ಅಲ್ಯೂಮಿನಿಯಂ ಸುಮಾರು ಶೇ 8. ಬರೀ ದೂಳಿನಿಂದ 5 ಮೈಕ್ರೋಗ್ರಾಂ ಹೆಚ್ಚಬೇಕಾದರೆ ಸ್ಯಾಂಪಲ್‌ನ ಕಾಲುಭಾಗಕ್ಕಿಂತ ಹೆಚ್ಚು ದೂಳೇ ಇರಬೇಕು. ಆಗ ಅಲ್ಯೂಮಿನಿಯಂ 20,000 ದಾಟಬೇಕಿತ್ತು. ಅದು ಕದಲೇ ಇಲ್ಲ.

ದೂಳಯ್ಯ: ಸ್ಯಾಂಪಲ್ ಕರಗಿಸಲು ಅವರು ಹಾಕಿದ್ದು ನೈಟ್ರಿಕ್ ಆಸಿಡ್ ಮತ್ತು ಪೆರಾಕ್ಸೈಡ್ ಇರಬೇಕು. ಅದರಲ್ಲಿ ದೂಳಿನ ಸಿಲಿಕೇಟ್ ಖನಿಜ ಪೂರ್ತಿ ಕರಗಲ್ಲ, ಅಲ್ಯೂಮಿನಿಯಂ ಅರ್ಧಂಬರ್ಧ ಬರುತ್ತದೆ. ಹೈಡ್ರೋಫ್ಲೋರಿಕ್ ಹಾಕದೆ ಆ ಅಳತೆಗೋಲು ಹಿಡಿದು ಮಾತಾಡಬೇಡಿ.

ಆಸಿಡ್‌ರಾಯ: ಹಾಕಿದರೆ ಇನ್ನೊಂದು ತಲೆನೋವು. ಬಂಡೆ ಲೈಕೆನ್‌ಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಸಾಕಷ್ಟು ಇರಬಹುದು. ಆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂರುತ್ತದೆ, ಬೋರಿಕ್ ಆಸಿಡ್ ಹಾಕಿ ಬಿಡಿಸಬೇಕು. ಹುಡುಗಾಟದ ಆಸಿಡ್ ಅಲ್ಲ ಅದು.

ಟಾರ್ಚುಮಣಿ: ನಮ್ಮಲ್ಲಿ ಟ್ರಿಪಲ್ ಕ್ವಾಡ್ (ಎರಡು ಸಲ ಸೋಸುವ ಐಸಿಪಿ-ಎಂಎಸ್) ಬಂದ ಮೇಲೆ ಇಂಥ ರಗಳೆಯೇ ಇಲ್ಲ. ಆರ್ಗಾನ್-ಕ್ಲೋರಿನ್ ಸೇರಿ ದ್ರವ್ಯರಾಶಿ 75ರಲ್ಲಿ ಆರ್ಸೆನಿಕ್ ವೇಷ ಹಾಕುತ್ತಿತ್ತಲ್ಲ, ಆಕ್ಸಿಜನ್ ಬಿಟ್ಟು 91ರಲ್ಲಿ ಓದುತ್ತೇವೆ. ಬೆಣ್ಣೆ ಕತ್ತರಿಸಿದ ಹಾಗೆ!

ಪಾಚಿಪ್ರಿಯೆ: ಆರ್ಸೆನಿಕ್ ಎಲ್ಲಿಂದ ಬಂತು ಸ್ವಾಮಿ?

ಕುಟ್ಟಾಣಿ: ಒಣಬಂಡೆ ಅವರೇ, ಪುಡಿ ಮಾಡಿದ್ದು ಯಾವುದರಲ್ಲಿ?

ಒಣಬಂಡೆ: ಬಾಲ್ ಮಿಲ್‌ನಲ್ಲಿ, ಎಲ್ಲರೂ ಮಾಡೋ ಹಾಗೆ. ಟಂಗ್‌ಸ್ಟನ್ ಕಾರ್ಬೈಡ್ ಬಟ್ಟಲು. ಯಾಕೆ?

ಕುಟ್ಟಾಣಿ: ಇದನ್ನು ಮೊದಲ ಸಾಲಲ್ಲೇ ಹೇಳಬೇಕಿತ್ತು. ಆ ಬಟ್ಟಲಿನ ಕಾರ್ಬೈಡ್ ಕಣಗಳನ್ನು ಹಿಡಿದಿಡುವ ಅಂಟೇ ಕೋಬಾಲ್ಟ್, ಸುಮಾರು ಶೇ 6. ನಿಮ್ಮ ಬ್ಲಾಂಕ್ ಬರೀ ಆಸಿಡ್, ಮಿಲ್‌ನ ಮುಖ ನೋಡಿಲ್ಲ. 336 ಪುಡಿಯಾಗಿಯೇ ಬರುತ್ತದೆ, ಅದೂ ನೋಡಿಲ್ಲ. ಇಬ್ಬರು ಸಾಕ್ಷಿಗಳೂ ಕಳ್ಳತನ ನಡೆದಾಗ ಊರಲ್ಲೇ ಇರಲಿಲ್ಲ.

ಒಣಬಂಡೆ: ಆದರೆ ಎರಡೂ ಜಾಗದ್ದು ಅದೇ ಬಟ್ಟಲಲ್ಲಿ ಅರೆದಿದ್ದು! ಒಂದರಲ್ಲಿ ಮಾತ್ರ ಯಾಕೆ?

ಕುಟ್ಟಾಣಿ: ರಸ್ತೆ ಪಕ್ಕದ ಥ್ಯಾಲಸ್ (ಲೈಕೆನ್‌ನ ದೇಹ) ಕೆಳಗೆ ಮರಳು ಜಾಸ್ತಿ ಕಚ್ಚಿಕೊಂಡಿದೆಯಾ?

ಒಣಬಂಡೆ: ಹೌದು. ಬೆರಳಿಗೆ ಗರಗರ ಅನ್ನುತ್ತದೆ.

ಕುಟ್ಟಾಣಿ: ಹಾಗಾದರೆ ಅಲ್ಲೇ ಇದೆ ಉತ್ತರ. ಮರಳು ಸಾಮಾನ್ಯವಾಗಿ ಬಹುಪಾಲು ಕ್ವಾರ್ಟ್ಜ್; ಅದರಲ್ಲಿ ಅಲ್ಯೂಮಿನಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದು ಬಟ್ಟಲನ್ನು ಉಜ್ಜುತ್ತದೆ. ನೀವು ಅಳೆದದ್ದು ಬಟ್ಟಲು ಸವೆದ ಪ್ರಮಾಣ, ಗಣಿಯ ಮಾಲಿನ್ಯ ಅಲ್ಲ. ಹಳೇ ಸ್ಕ್ಯಾನ್ ಇದ್ದರೆ ದ್ರವ್ಯರಾಶಿ 182ರಲ್ಲಿ ಟಂಗ್‌ಸ್ಟನ್ ನೋಡಿ. ಕಾಣದಿದ್ದರೂ ಬಟ್ಟಲು ನಿರಪರಾಧಿ ಅಂದುಕೊಳ್ಳಬೇಡಿ, ಬರೀ ನೈಟ್ರಿಕ್‌ನಲ್ಲಿ ಟಂಗ್‌ಸ್ಟನ್ ಕರಗಿ ನಿಲ್ಲದೆ ತಳಕ್ಕೆ ಕೂರುತ್ತದೆ.

ಒಣಬಂಡೆ: 182ರಲ್ಲಿ ಬೆಟ್ಟದಂಥ ಪೀಕ್. ಇಷ್ಟು ದಿನ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ದೂಳಯ್ಯ: ಅಂದರೆ ಕೊನೆಗೆ ಕಾರಣ ದೂಳೇ ಆಯ್ತಲ್ಲ!

ಪಾಚಿಪ್ರಿಯೆ: ಮರಳಿಗೂ ದೂಳಿಗೂ ವ್ಯತ್ಯಾಸ ಇದೆ.

ದೂಳಯ್ಯ: ಗಾಳಿಗೆ ಹಾರಿದ್ದೆಲ್ಲ ದೂಳು.

ಪಾಚಿಪ್ರಿಯೆ: ಹಾಗಾದರೆ ಲೈಕೆನ್ ಬೀಜಕಣವೂ ದೂಳಾ?

ಟಾರ್ಚುಮಣಿ: ನಮ್ಮದು ಅಗೇಟ್ ಕಲ್ಲಿನ ಬಟ್ಟಲು, ದ್ರವ ಸಾರಜನಕ ಸುರಿದು ಅರೆಯುತ್ತೇವೆ. ಫೋಟೋ ಹಾಕಲಾ?

ಒಣಬಂಡೆ: ಅಗೇಟ್‌ನಲ್ಲಿ ಮತ್ತೆ ಅರೆದೆ, ಪುಡಿಯಾಗದೆ ಉಳಿದಿದ್ದ ನಾಲ್ಕೇ ಥ್ಯಾಲಸ್. ರಸ್ತೆ ಪಕ್ಕದ್ದು 0.9, ಆಚೆಯದು 0.7. ಕುಟ್ಟಾಣಿಯವರಿಗೆ ದೊಡ್ಡ ನಮಸ್ಕಾರ. ಆದರೆ ಕ್ರೋಮಿಯಂ, ನಿಕ್ಕೆಲ್ ಎರಡೂ ರಸ್ತೆ ಪಕ್ಕ ಇನ್ನೂ ದುಪ್ಪಟ್ಟು ಇವೆ. ಇದು ಗಣಿಯದ್ದೇ ಅಲ್ಲವಾ? ಅಲ್ಲಿ ಬಂಡೆಗೆ ಬಿಗಿಯಾಗಿ ಅಂಟಿತ್ತು ಅಂತ ಸ್ಟೀಲ್ ಚಾಕುವಿನಿಂದ ಕೆರೆದಿದ್ದೆ, ಅದೇನೂ ತೊಂದರೆ ಮಾಡಲ್ಲ ತಾನೆ?