ಲಾಕ್‌ಡೌನ್ ಬಂದರೂ ಪೇಟೆಯ ಶೌಚಾಲಯಕ್ಕೆ ಬೀಗ ಬೀಳದಂತೆ ಏನು ವ್ಯವಸ್ಥೆ ಬೇಕು?

ಪ್ರಶ್ನೆ – ಕುಂಬಳೆಯಿಂದ
ಬಸ್ಸು ನಿಂತರೆ ಹೋಟೆಲೂ ಮುಚ್ಚುತ್ತದೆ, ಅದರ ಬೆನ್ನಿಗೇ ಬಸ್ ಸ್ಟ್ಯಾಂಡಿನ ಶೌಚಾಲಯವೂ. 2020ರಲ್ಲಿ ಕೇರಳವಿಡೀ ‘ಬ್ರೇಕ್ ದ ಚೈನ್’ ಎಂದು ಕೈ ತೊಳೆಯಲು ಹೇಳಿದೆವು. ಅಂಗಡಿ ಜಗಲಿಯಲ್ಲಿ ಮಲಗುವವರಿಗೆ ನಲ್ಲಿ ಎಲ್ಲಿದೆ? ಮುಂದಿನ ಸಲಕ್ಕೆಂದು ವಾರ್ಡಿನಲ್ಲಿ ಯೋಜನೆ ಬರೆಯುತ್ತಿದ್ದೇವೆ. ಶೌಚಾಲಯದಲ್ಲಿ ನಾಲ್ಕು ಕೋಣೆ, ಬಳಸುವವರು ಸುಮಾರು 40 ಜನ. ನೀರು, ಬ್ಲೀಚಿಂಗ್, ಕೆಲಸದವರ ಲೆಕ್ಕ ತಿಳಿದವರು ಹೇಳಿ.

ಉತ್ತರ 1 – ಕಾಸರಗೋಡು
ಮೊದಲು ಹಣದ ವಿಷಯ ಬಗೆಹರಿಸಿ. ಗುತ್ತಿಗೆದಾರರು ನಡೆಸುವುದು ಪ್ರಯಾಣಿಕರ ಚಿಲ್ಲರೆಯಿಂದ. ಪ್ರಯಾಣಿಕರಿಲ್ಲದಿದ್ದರೆ ಬೀಗ ತಾನಾಗಿ ಬೀಳುತ್ತದೆ. ಲಾಕ್‌ಡೌನ್ ದಿನಗಳಲ್ಲಿ ಬಳಕೆ ಉಚಿತ, ಶುಚಿ ಮಾಡುವವರಿಗೆ ದಿನಗೂಲಿ ಪಂಚಾಯತಿನಿಂದ ಎಂದು ಈಗಲೇ ನಿರ್ಣಯ ಮಾಡಿಸಿಡಿ. ರಾತ್ರಿಯೂ ತೆರೆದಿರಬೇಕು, ಲೈಟು ಉರಿಯಬೇಕು, ಒಳಗಿನ ಚಿಲಕ ಗಟ್ಟಿ ಇರಬೇಕು. ಇಲ್ಲದಿದ್ದರೆ ಹೆಂಗಸರು ಕತ್ತಲಾದ ಮೇಲೆ ಆ ಕಡೆ ಸುಳಿಯುವುದಿಲ್ಲ.

ಪರಿಹಾರ ಶಿಬಿರಗಳಿಗೆ ಬಳಸುವ ಸ್ಫಿಯರ್ ಮಾನದಂಡದಲ್ಲಿ 20 ಜನಕ್ಕೆ ಒಂದು ಶೌಚಾಲಯ. ನಿಮ್ಮಲ್ಲಿ ನಾಲ್ಕು ಇವೆ, ಆದರೂ ಎರಡನ್ನು ಮುಚ್ಚಬೇಡಿ. ಕೋಣೆ ಕಡಿಮೆಯಾದಷ್ಟು ಹೊರಗೆ ಸಾಲು ಬೆಳೆಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೋವಿಡ್ ಕಾಲದಲ್ಲಿ ಕೊಟ್ಟ ಸಲಹೆಯೂ ಮನೆಯಿಲ್ಲದವರು ಇರುವಲ್ಲಿನ ಶೌಚಾಲಯಗಳನ್ನು 24 ಗಂಟೆ ತೆರೆದಿಡಿ ಎಂದೇ ಇತ್ತು. ಯೋಜನೆಯಲ್ಲಿ ಅದನ್ನೂ ಸೇರಿಸಿ.

ನೀರು: ಒಬ್ಬರು ದಿನಕ್ಕೆ ಮೂರು ಸಲ ಬಂದು, ಸಲಕ್ಕೆ 5 ಲೀಟರ್ ಬಳಸಿದರೆ 600 ಲೀಟರ್. ನೆಲ ತೊಳೆಯುವುದೂ ಸೇರಿದರೆ 1,000 ಲೀಟರಿನ ಟ್ಯಾಂಕಿ ದಿನಕ್ಕೊಮ್ಮೆ ತುಂಬಲೇಬೇಕು. ಎಪ್ರಿಲ್–ಮೇಯಲ್ಲಿ ಕಡಲ ಬದಿಯ ಬಾವಿ ಉಪ್ಪಾದರೆ ಸೋಪು ನೊರೆ ಬರುವುದಿಲ್ಲ. ಕೈ ತೊಳೆಯಲು ಮಾತ್ರ 200 ಲೀಟರಿನ ಡ್ರಮ್ಮಿನಲ್ಲಿ ಸಿಹಿನೀರು ಬೇರೆಯೇ ಇಡಿ, ಶೌಚಾಲಯದ ಬಾಗಿಲ ಹತ್ತಿರವೇ.

ಉತ್ತರ 2 – ಮಂಜೇಶ್ವರ
ಬ್ಲೀಚಿಂಗ್ ಪೌಡರಿನಲ್ಲಿ ಹೆಚ್ಚಿನ ಎಡವಟ್ಟು ಆಗುವುದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. 30 ಶೇಕಡಾ ಕ್ಲೋರಿನ್ ಇರುವ ಪೌಡರಾದರೆ 10 ಲೀಟರ್ ನೀರಿಗೆ 330 ಗ್ರಾಂ. ಆಗ 1 ಶೇಕಡಾ ದ್ರಾವಣ. ಪ್ಲಾಸ್ಟಿಕ್ ಬಾಲ್ದಿಯೇ ಬೇಕು. ಮೊದಲು ಸ್ವಲ್ಪ ನೀರಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಉಳಿದ ನೀರು ಸೇರಿಸಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆಯಿರಿ. ಅಂದಿನದು ಅಂದಿಗೇ. ಮಳೆಗಾಲದಲ್ಲಿ ಬಾಯಿ ತೆರೆದ ಚೀಲ ತೇವ ಎಳೆದು ಗಂಟಾಗಿ ಸತ್ವ ಕಳೆದುಕೊಳ್ಳುತ್ತದೆ, ಮುಚ್ಚಳವಿರುವ ಡಬ್ಬಿಗೆ ಸುರಿದಿಡಿ.

ಕೊಳೆಯ ಮೇಲೆ ನೇರ ಸುರಿದರೆ ಕ್ಲೋರಿನ್ ಕೊಳೆಗೇ ಮುಗಿದುಹೋಗುತ್ತದೆ. ಸಾಬೂನು ನೀರಲ್ಲಿ ತಿಕ್ಕಿ, ತೊಳೆದು, ಆಮೇಲೆ ದ್ರಾವಣ ಹಾಕಿ 10 ನಿಮಿಷ ಬಿಡಿ, ಮತ್ತೆ ನೀರು. ಚಿಲಕ, ನಲ್ಲಿ ತುಕ್ಕು ಹಿಡಿಯುತ್ತವೆ. ಅವಕ್ಕೆ 70 ಶೇಕಡಾ ಸ್ಪಿರಿಟ್ಟಿನ ಬಟ್ಟೆ.

ಆಸಿಡ್ ಇರುವ ಟಾಯ್ಲೆಟ್ ಕ್ಲೀನರಿನೊಂದಿಗೆ ಬ್ಲೀಚಿಂಗ್ ಖಂಡಿತ ಸೇರಿಸಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಸಣ್ಣದಿರುವ ಕೋಣೆಯಲ್ಲಿ ಕೆಲಸದವರು ಉಸಿರುಗಟ್ಟಿ ಬೀಳಬಹುದು. ಎರಡು ಡಬ್ಬಿಗಳನ್ನು ಒಂದೇ ಕಪಾಟಿನಲ್ಲಿ ಇಡುವುದೇ ಬೇಡ. ಮೊಣಕೈವರೆಗಿನ ರಬ್ಬರ್ ಗ್ಲೌಸು, ಗಂಬೂಟು, ಮಾಸ್ಕು, ಕನ್ನಡಕ ಒಬ್ಬೊಬ್ಬರಿಗೂ ಒಂದೊಂದು ಸೆಟ್ ಕೊಡಿ, ಹಂಚಿಕೊಳ್ಳುವಂತೆ ಮಾಡಬೇಡಿ.

ಪ್ರಶ್ನೆ ಕೇಳಿದವರು
ತುಂಬ ಉಪಕಾರ. ಸೋಪು ಕಾಣೆಯಾಗುತ್ತದಲ್ಲ, ಅದಕ್ಕೇನು? ಈಗಾಗಲೇ ತಿಂಗಳುಗಟ್ಟಲೆ ಮುಚ್ಚಿದ್ದನ್ನು ತೆರೆಯುವಾಗ?

ಉತ್ತರ 3 – ಬದಿಯಡ್ಕ
ಸೋಪನ್ನು ಈರುಳ್ಳಿ ಬರುವ ಬಲೆಚೀಲದ ತುಂಡಿಗೆ ಹಾಕಿ ನಲ್ಲಿಗೆ ಕಟ್ಟಿ. ಬಲೆಯ ಮೇಲೆ ಕೈ ಉಜ್ಜಿದರೆ ನೊರೆ ಬರುತ್ತದೆ, ನೀರು ಇಳಿದು ಸೋಪು ಕರಗದೆ ಉಳಿಯುತ್ತದೆ. ಆದರೂ ಯಾರಾದರೂ ಒಯ್ದರೆ ಇನ್ನೊಂದು ಕಟ್ಟಿ. ಸ್ನಾನಕ್ಕೆ ಅವರಿಗೂ ಬೇಕಲ್ಲ ಮಾರಾಯ್ರೆ.

ಮುಚ್ಚಿದ್ದನ್ನು ತೆರೆಯುವಾಗ ನೆಲದ ಜಾಲರಿಯನ್ನು ಮೊದಲು ನೋಡಿ. ಅದರ ಕೆಳಗಿನ ಬಾಗಿದ ಕೊಳವೆಯಲ್ಲಿ ನೀರು ನಿಂತಿದ್ದರೆ ಮಾತ್ರ ಒಳಚರಂಡಿಯ ಗಾಳಿ ಮೇಲೆ ಬರುವುದಿಲ್ಲ. ಬಳಕೆ ನಿಂತರೆ ಆ ನೀರು ಆರಿಹೋಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ವಸತಿಯಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ತಗಲಿದಾಗ ಹೀಗೆ ಒಣಗಿದ ಕೊಳವೆಗಳನ್ನೇ ಒಂದು ಮುಖ್ಯ ಕಾರಣವಾಗಿ ಗುರುತಿಸಿದ್ದರು. ಪ್ರತಿ ಜಾಲರಿಗೂ ಒಂದು ಬಾಲ್ದಿ ನೀರು ಹೊಯ್ಯಿರಿ, ಕಿಟಕಿಗಳನ್ನು ತೆರೆದಿಡಿ, ಟ್ಯಾಂಕಿಯ ಹಳೆ ನೀರು ಪೂರಾ ಬಿಟ್ಟು ತೊಳೆದು ತುಂಬಿ.

ಸೆಪ್ಟಿಕ್ ಟ್ಯಾಂಕಿನ ಮಟ್ಟವನ್ನೂ ಅಂದೇ ನೋಡಿಸಿ. ಉಳಿದ ಬ್ಲೀಚಿಂಗ್ ದ್ರಾವಣವನ್ನು ಬಾಲ್ದಿಗಟ್ಟಲೆ ಗುಂಡಿಗೆ ಸುರಿದರೆ ಮಲ ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಟ್ಯಾಂಕು ಬೇಗ ತುಂಬುತ್ತದೆ. ಹೆಂಗಸರ ಕೋಣೆಯಲ್ಲಿ ಮುಚ್ಚಳದ ಬುಟ್ಟಿ ಇಡಿ, ಇಲ್ಲದಿದ್ದರೆ ಪ್ಯಾಡುಗಳು ಪೈಪಿಗೆ ಹೋಗಿ ಕಟ್ಟುತ್ತವೆ. ಬೋರ್ಡನ್ನು ಕನ್ನಡ, ಮಲಯಾಳ, ಹಿಂದಿ, ತಮಿಳಿನಲ್ಲಿ ಬರೆಸಿ, ಓದಲು ಬಾರದವರಿಗೆ ಚಿತ್ರವೂ ಇರಲಿ: ‘ಉಚಿತ, ರಾತ್ರಿಯೂ ತೆರೆದಿದೆ.’