ಮೂಡಲ್‌ನಲ್ಲಿ ಕ್ವಿಜ್ ಶುರುವಾದ ತಕ್ಷಣ 504, ಆದ್ರೆ ಸಿಪಿಯು ಆರಾಮಾಗಿ ಕೂತಿರುತ್ತೆ, ಯಾಕೆ?

ಲ್ಯಾಬ್_ಮೇಡಂ

ಎಲ್ರಿಗೂ ನಮಸ್ಕಾರ. ನಾನು ಪಾಠ ಮಾಡೋಳು, ಸರ್ವರ್ ಅಡ್ಮಿನ್ ಅಲ್ಲ, ಆದ್ರೆ "ನಿಮ್ದು ಕಂಪ್ಯೂಟರ್ ಸೈನ್ಸ್ ಅಲ್ವಾ" ಅಂತ ಕಾಲೇಜಿನ ಮೂಡಲ್‌ನ (ಆನ್‌ಲೈನ್‌ನಲ್ಲಿ ಪಾಠ, ಪರೀಕ್ಷೆ ನಡ್ಸೋ ಸಾಫ್ಟ್‌ವೇರ್) ನನ್ನ ತಲೆಗೆ ಕಟ್ಟಿದಾರೆ. 4 ಕೋರ್, 16 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ಉಬುಂಟು, ಎಂಜಿನ್‌ಎಕ್ಸ್ (ವೆಬ್ ಸರ್ವರ್), ಪಿಎಚ್‌ಪಿ (ಮೂಡಲ್ ಬರ್ದಿರೋ ಭಾಷೆ), ಮೈಎಸ್‌ಕ್ಯೂಎಲ್ (ಡೇಟಾಬೇಸ್) ಎಲ್ಲಾ ಒಂದೇ ಮಷೀನ್‌ನಲ್ಲಿ. ದಿನಾ ನೋಟ್ಸ್ ಡೌನ್‌ಲೋಡ್, ಅಸೈನ್‌ಮೆಂಟ್ ಅಪ್‌ಲೋಡ್‌ಗೆಲ್ಲಾ ತೊಂದ್ರೆನೇ ಇಲ್ಲ. ಇಂಟರ್ನಲ್ಸ್ ದಿನ ಬೆಳಿಗ್ಗೆ 10ಕ್ಕೆ 480 ಹುಡುಗ್ರು ಒಟ್ಟಿಗೆ ಕ್ವಿಜ್ ಓಪನ್ ಮಾಡ್ತಾರೆ, ಪೇಜ್ ಸುತ್ತುತ್ತೆ, ಸುತ್ತುತ್ತೆ, ಒಂದು ನಿಮಿಷ ಆದ್ಮೇಲೆ 504 ಗೇಟ್‌ವೇ ಟೈಮ್‌ಔಟ್, ಅಂದ್ರೆ ಕಾದ್ರೂ ಉತ್ತರ ಬರ್ಲಿಲ್ಲ ಅನ್ನೋ ಎರರ್. ಹುಡುಗ್ರು ಸುಮ್ನಿರ್ತಾರಾ, ರಿಫ್ರೆಶ್ ಒತ್ತಿ ಒತ್ತಿ ಇನ್ನೂ ಹಾಳು ಮಾಡ್ತಾರೆ.

ವಿಚಿತ್ರ ಏನಂದ್ರೆ ಆ ಟೈಮಲ್ಲಿ ಟಾಪ್ (ಸರ್ವರ್ ಮೇಲಿನ ಲೋಡ್ ತೋರ್ಸೋ ಕಮಾಂಡ್) ಹಾಕಿ ನೋಡಿದ್ರೆ ಸಿಪಿಯು ಯೂಸೇಜ್ 20-25 ಪರ್ಸೆಂಟ್, ರ‍್ಯಾಮ್ ಅರ್ಧಕ್ಕಿಂತ ಜಾಸ್ತಿ ಖಾಲಿ. ಪ್ರಿನ್ಸಿಪಾಲ್ ಸರ್ 32 ಜಿಬಿ ಸರ್ವರ್‌ಗೆ ಕೊಟೇಶನ್ ತರಿಸಿ ಅಂತಿದಾರೆ. ತರಿಸ್ಲಾ? ಎರಡನೇ ಇಂಟರ್ನಲ್ಸ್‌ಗೆ ಇನ್ನು 12 ದಿನ ಇದೆ.

ಪೇಡೆ_ಪ್ರಿಯ

ಕೊಟೇಶನ್ ಗಿಟೇಶನ್ ಏನೂ ಬ್ಯಾಡ್ರಿ ಮೇಡಂ, ರೊಕ್ಕ ಉಳಸ್ರಿ. ಇದ್ದ 16 ಜಿಬಿನೇ ಖಾಲಿ ಬಿದ್ದೈತಿ ಅಂತ ನೀವ ಹೇಳಾಕತ್ತೀರಿ, ಅದಕ್ಕ ಇನ್ನೊಂದು 16 ಯಾಕ್ರಿ?

ಪಿಎಚ್‌ಪಿ ಪ್ರೋಸೆಸ್‌ಗಳನ್ನ ನಡಸೋ ಪಿಎಚ್‌ಪಿ ಎಫ್‌ಪಿಎಂದ ಲಾಗ್ ತಗದು ನೋಡ್ರಿ. "ಮ್ಯಾಕ್ಸ್ ಚಿಲ್ಡ್ರನ್ 5 ಮುಟ್ಟೈತಿ, ಜಾಸ್ತಿ ಮಾಡ್ರಿ" ಅನ್ನೋ ಅರ್ಥದ ಇಂಗ್ಲಿಷ್ ಲೈನ್ ಐತೇನು? ಉಬುಂಟುದಾಗ ಬರೋ ಡೀಫಾಲ್ಟ್ 5. ಅಂದ್ರ ಒಂದ ಹೊತ್ತಿಗೆ ಐದ ರಿಕ್ವೆಸ್ಟ್ ನಡೀತಾವ, ಉಳದಾವು ಲೈನಿನಾಗ ನಿಂದರ್ತಾವ, ಎಂಜಿನ್‌ಎಕ್ಸ್ 60 ಸೆಕೆಂಡ್ ಕಾದು ಬ್ಯಾಸತ್ತು 504 ಒಗೀತೈತಿ. ಮದುವಿ ಊಟಕ್ಕ 480 ಮಂದಿ ಕುಂತಾರ, ಬಡಸಾವ್ರು ಐದ ಮಂದಿ, ನಿಮ್ಮ ಪ್ರಿನ್ಸಿಪಾಲರು ಅಡಗಿಮನಿ ದೊಡ್ಡದು ಮಾಡೂಣು ಅನ್ನಾಕತ್ತಾರ.

ಲ್ಯಾಬ್_ಮೇಡಂ

ಅಯ್ಯೋ ದೇವ್ರೇ, ಇದೆ! ಇಂಟರ್ನಲ್ಸ್ ದಿನ 10 ಗಂಟೆ 1 ನಿಮಿಷಕ್ಕೆ ಅದೇ ಲೈನ್. ಎಷ್ಟು ಹಾಕ್ಲಿ?

ಫುಲ್‌ಸ್ಟಾಕ್_ಹುಡುಗ

500 ಹಾಕಿ ಬಿಡಿ ಮೇಡಂ, ಲೈಫ್‌ಟೈಮ್ ಟೆನ್ಷನ್ ಇರಲ್ಲ

ಪೇಡೆ_ಪ್ರಿಯ

ತಮ್ಮಾ, ಹಂಗ ಹೇಳಬ್ಯಾಡೋ. ಮೂಡಲ್‌ದ ಒಂದೊಂದು ಪಿಎಚ್‌ಪಿ ಪ್ರೋಸೆಸ್ ಸುಮಾರು 80 ಎಂಬಿ ತಿಂದ್ರ 500ಕ್ಕ 40 ಜಿಬಿ ಆತು. 16 ಜಿಬಿ ಮಷೀನ್ ಸ್ವಾಪ್‌ಗೆ (ರ‍್ಯಾಮ್ ಸಾಲದ ಡಿಸ್ಕ್ ಬಳಸೋದು) ಬಿದ್ದು ಸತ್ತ ಹೋಗತೈತಿ. ಮತ್ತ ಮೈಎಸ್‌ಕ್ಯೂಎಲ್ ಡೀಫಾಲ್ಟ್ ಮ್ಯಾಕ್ಸ್ ಕನೆಕ್ಷನ್ 151, ಅದನ್ನ ದಾಟಿದ್ರ ಡೇಟಾಬೇಸ್ ಎರರ್ ಬರತೈತಿ, 504ಕ್ಕಿಂತ ಅದು ಕೆಟ್ಟ.

ಮೇಡಂ, ಲೆಕ್ಕ ಹಿಂಗ ಹಾಕ್ರಿ: ಮೈಎಸ್‌ಕ್ಯೂಎಲ್‌ಗೆ 5 ಜಿಬಿ, ಓಎಸ್ ಮತ್ತ ಇತರೆ 2 ಜಿಬಿ, ಉಳದಿದ್ದು 9. ಅದನ್ನ 80 ಎಂಬಿಯಿಂದ ಭಾಗಿಸಿದ್ರ 115 ಬರತೈತಿ, ನೀವು 90 ಇಡ್ರಿ. 80 ಅನ್ನೋದು ನನ್ನ ಸರ್ವರ್‌ದ ನಂಬರ್, ನಿಮ್ಮದು ನೀವ ನೋಡಕೋರಿ. ಮತ್ತ ಟಾಪ್‌ನಾಗ ಸಿಪಿಯು ಲೈನಿನಾಗ "ಡಬ್ಲ್ಯೂಎ" ಎಷ್ಟಿತ್ತು ಹೇಳಲಿಲ್ಲ ನೀವು.

ಲ್ಯಾಬ್_ಮೇಡಂ

90 ಹಾಕಿ ನಿನ್ನೆ ಮೂರು ಸೆಕ್ಷನ್‌ಗೆ, 180 ಜನಕ್ಕೆ, ಮಾಕ್ ಟೆಸ್ಟ್ ಮಾಡ್ಸಿದೆ. 504 ಪೂರ್ತಿ ಹೋಯ್ತು, ಖುಷಿ ಪಡೋಷ್ಟರಲ್ಲಿ ನೋಡಿದ್ರೆ ಒಂದೊಂದು ಪೇಜ್ 15-20 ಸೆಕೆಂಡ್ ತಗೊಳ್ತಿದೆ. ಡಬ್ಲ್ಯೂಎ 60ರ ಮೇಲೆ ಹೋಗಿತ್ತು. ಇದೇನು, ಬಡಿಸೋರು ಬಂದ್ರು ಈಗ ಸಾಂಬಾರ್ ಬರ್ತಿಲ್ವಾ?

ಪೇಡೆ_ಪ್ರಿಯ

ಹೌದ್ರಿ ಅದ ಕತಿ 😄 ಡಬ್ಲ್ಯೂಎ ಅಂದ್ರ ಡಿಸ್ಕಿಗೆ ಕಾಯೋ ಟೈಮ್. ಇನ್ನೋಡಿಬಿ ಬಫರ್ ಪೂಲ್ ಸೈಜ್ (ಮೈಎಸ್‌ಕ್ಯೂಎಲ್ ಡೇಟಾನ ರ‍್ಯಾಮ್‌ನಾಗ ಇಟ್ಟಕೊಳ್ಳೋ ಜಾಗ) ಯಾರೂ ಮುಟ್ಟಿರಂಗಿಲ್ಲ, ಡೀಫಾಲ್ಟ್ 128 ಎಂಬಿ ಇರತೈತಿ. ನಿಮ್ಮ ಡೇಟಾಬೇಸ್ ಮೂರು ನಾಕು ಜಿಬಿ ಇದ್ರ ಪ್ರತಿ ಸಲಾನೂ ಡಿಸ್ಕಿಗೆ ಓಡಬೇಕಾಕೈತಿ, ಅದೂ ತಿರುಗೋ ಡಿಸ್ಕಿಗೆ. 5 ಜಿಬಿ ಅಂತ ಲೆಕ್ಕದಾಗ ಬಿಟ್ಟಿದ್ದು ಅದಕ್ಕ. ಸೆಷನ್ (ಯಾರು ಲಾಗಿನ್ ಆಗ್ಯಾರ ಅನ್ನೋ ಮಾಹಿತಿ) ಫೈಲ್‌ನಾಗ ಇಲ್ಲಾ ಡೇಟಾಬೇಸ್‌ನಾಗ ಇದ್ರ ರೆಡಿಸ್‌ಗೆ (ರ‍್ಯಾಮ್‌ನಾಗ ಡೇಟಾ ಇಡೋ ಸಾಫ್ಟ್‌ವೇರ್) ಹಾಕ್ರಿ, ಕಾನ್ಫಿಗ್ ಫೈಲಿನಾಗ ಎರಡು ಮೂರು ಲೈನ್, ಅಷ್ಟ. ಆದರ ರೊಕ್ಕ ಇದ್ರ ಒಂದು ಎಸ್‌ಎಸ್‌ಡಿಗೆ ಕೊಟೇಶನ್ ತರಸ್ರಿ, ರ‍್ಯಾಮ್‌ಗೆ ಅಲ್ಲ.

ಕಡಲ_ಕಿನಾರೆ

ಎಲ್ಲ ಸರಿ ಮಾರಾಯ್ರೆ, ಆದ್ರೆ 480 ಜನ ಒಂದೇ ನಿಮಿಷಕ್ಕೆ ಯಾಕೆ ಒಳಗೆ ಬರ್ಬೇಕು ಅಂತ ಯಾರೂ ಕೇಳ್ಲಿಲ್ಲ ಅಲ್ವಾ? ಮೂಡಲ್ ಡಾಕ್ಯುಮೆಂಟೇಶನ್‌ನಲ್ಲೇ ಒಂದು ಅಂದಾಜು ಉಂಟು, 1 ಜಿಬಿ ರ‍್ಯಾಮ್‌ಗೆ ಒಟ್ಟಿಗೆ 10ರಿಂದ 20 ಜನ. ನಿಮ್ಮ 16ಕ್ಕೆ 160ರಿಂದ 320 ಆಯ್ತು, 480 ಎಲ್ಲಿ ಹಿಡೀತದೆ.

ನಾವು ಮಾಡುದು ಎಂಥ ಅಂದ್ರೆ ಸೆಕ್ಷನ್‌ಗೊಂದು ಗ್ರೂಪ್, ಕ್ವಿಜ್‌ನಲ್ಲಿ ಗ್ರೂಪ್ ಓವರ್‌ರೈಡ್ (ಒಂದೊಂದು ಗ್ರೂಪಿಗೆ ಬೇರೆ ಟೈಮ್ ಕೊಡುದು) ಹಾಕಿ 10ಕ್ಕೆ ಎ, 10:05ಕ್ಕೆ ಬಿ, ಹಾಗೆ. ಕ್ಲೋಸ್ ಟೈಮನ್ನೂ ಅಷ್ಟೇ ಮುಂದೆ ಹಾಕ್ಬೇಕು, ಅದನ್ನು ಮರೆತ್ರೆ ಹೋಗುವಾಗ ಎಲ್ಲರದ್ದೂ ಒಂದೇ ಸೆಕೆಂಡಿಗೆ ಸಬ್ಮಿಟ್ ಆಗಿ ಪುನಃ ಅದೇ ರಗಳೆ (ನಮ್ಗೆ ಆಗಿದೆ, ಆ ದಿನ ಎಚ್‌ಒಡಿ ಮುಖ ನೋಡ್ಲಿಕ್ಕಾಗ್ಲಿಲ್ಲ). ಆಮೇಲೆ ಕ್ವಿಜ್ ಆಟೋಸೇವ್ ನಿಮಿಷಕ್ಕೊಮ್ಮೆ ಇರ್ತದೆ, 480 ಜನ ಅಂದ್ರೆ ಅದರದ್ದೇ ಸೆಕೆಂಡಿಗೆ 8 ರಿಕ್ವೆಸ್ಟ್ ಹತ್ರ. 2 ನಿಮಿಷ ಮಾಡಿ. ಪೂರ್ತಿ ಆಫ್ ಮಾತ್ರ ಮಾಡ್ಬೇಡಿ, ಕರೆಂಟ್ ಹೋದ್ರೆ ಮಕ್ಕಳು ಬರ್ದದ್ದೆಲ್ಲ ಹೋಯ್ತು.

ಫುಲ್‌ಸ್ಟಾಕ್_ಹುಡುಗ

500 ವಾಪಸ್ ತಗೊಂಡೆ 🙏 ಥೀಮ್ ಡಿಸೈನರ್ ಮೋಡ್ ಆಫ್ ಇದ್ಯಾ ಅಂತ ಒಮ್ಮೆ ನೋಡಿ ಮೇಡಂ, ಆನ್ ಇದ್ರೆ ಸಿಎಸ್‌ಎಸ್ (ಪೇಜ್ ಡಿಸೈನ್ ಫೈಲ್) ಕ್ಯಾಶ್ ಸರಿಯಾಗಿ ಆಗಲ್ಲ, ಪ್ರತಿ ಸಲ ಹೊಸದಾಗಿ ಲೋಡ್ ಆಗುತ್ತೆ

ಲ್ಯಾಬ್_ಮೇಡಂ

ತಮ್ಮಾ ನಿನ್ನ 500 ಮಾಫಿ! ಆನ್ ಇತ್ತು! ಎರಡು ವರ್ಷದ ಹಿಂದೆ ಲೋಗೋ ಬಣ್ಣ ಬದಲಾಯಿಸೋಕೆ ಬಂದಿದ್ದ ಹೊರಗಿನವ್ರು ಹಾಗೇ ಬಿಟ್ಟು ಹೋಗಿದಾರೆ, ನಾನೂ ಆ ಪೇಜ್ ಯಾವತ್ತೂ ತೆಗ್ದಿರ್ಲಿಲ್ಲ.

ಅಪ್‌ಡೇಟ್: ಬಫರ್ ಪೂಲ್ 5 ಜಿಬಿ, ರೆಡಿಸ್, ಥೀಮ್ ಮೋಡ್ ಆಫ್, ಆರು ಸೆಕ್ಷನ್‌ಗೆ 5 ನಿಮಿಷದ ಗ್ಯಾಪ್. ಇವತ್ತು ಇಂಟರ್ನಲ್ಸ್ ಮುಗೀತು, ಪೇಜ್ 2 ಸೆಕೆಂಡ್ ಒಳಗೆ ಬರ್ತಿತ್ತು, ಒಂದೂ 504 ಇಲ್ಲ. ಎಫ್ ಸೆಕ್ಷನ್‌ನೋರು ಮಾತ್ರ "ನಮ್ಗೆ ಯಾಕೆ ಲಾಸ್ಟ್" ಅಂತ ಜಗಳಕ್ಕೆ ಬಂದ್ರು, ಎ ಸೆಕ್ಷನ್‌ನೋರು ಪ್ರಶ್ನೆ ವಾಟ್ಸಾಪ್‌ನಲ್ಲಿ ಕಳಿಸಿರ್ತಾರೆ ಅಂತ ಎಚ್‌ಒಡಿಗೆ ಬೇರೆ ಅನುಮಾನ.

ಕಡಲ_ಕಿನಾರೆ

ಕ್ವೆಶ್ಚನ್ ಬ್ಯಾಂಕ್‌ನಿಂದ ರ‍್ಯಾಂಡಮ್ ಪ್ರಶ್ನೆ ಹಾಕಿ ಮೇಡಂ, ಒಬ್ಬೊಬ್ಬರಿಗೆ ಒಂದೊಂದು ಬರ್ತದೆ. ಬ್ಯಾಂಕ್ ತುಂಬಿಸ್ಲಿಕ್ಕೆ ಎಚ್‌ಒಡಿಯವರನ್ನೇ ಕೂರಿಸಿ.